ಲಿಂಕನ್ನಿನ ‘ಯಹೂದಿಯ ಮನೆ’: ಕಲ್ಲು ಹೇಳುವುದು, ಹೆಸರು ಹೇಳುವುದು

ಇಂಗ್ಲೆಂಡಿನ ಲಿಂಕನ್ ನಗರದಲ್ಲಿ, ಬೆಟ್ಟದ ಮೇಲಿರುವ ಕ್ಯಾಥೆಡ್ರಲ್ಲಿನ ಕಡೆಗೆ ಏರಿಹೋಗುವ ಕಿರಿದಾದ ಬೀದಿಯಲ್ಲಿ ಸುಣ್ಣಕಲ್ಲಿನ ಹಳೆಯ ಮನೆಯೊಂದಿದೆ. ‘ಜ್ಯೂಸ್ ಹೌಸ್’, ಎಂದರೆ ಯಹೂದಿಯ ಮನೆ, ಎಂಬುದು ಅದರ ರೂಢಿಯ ಹೆಸರು. ಅದರ ಕಾಲವನ್ನು ಸಾಮಾನ್ಯವಾಗಿ 1150-1180ರ ನಡುವೆ ಇರಿಸುತ್ತಾರೆ. ಆ ದೇಶದಲ್ಲಿ ಉಳಿದುಬಂದಿರುವ ಪಟ್ಟಣದ ಮನೆಗಳಲ್ಲಿ ಇದು ಅತಿ ಪ್ರಾಚೀನವಾದವುಗಳ ಸಾಲಿಗೆ ಸೇರುತ್ತದೆ.

ಮನೆಯ ಮುಂಭಾಗದ ವೈಶಿಷ್ಟ್ಯವೆಲ್ಲ ಬಾಗಿಲಿನಲ್ಲಿದೆ. ಕೆತ್ತನೆಯಿರುವ ಅರ್ಧವೃತ್ತದ ಕಮಾನು ಕೇವಲ ಅಲಂಕಾರವಲ್ಲ. ಮೇಲಂತಸ್ತಿನ ಅಗ್ಗಿಷ್ಟಿಕೆಯ ಹೊಗೆಗೂಡನ್ನು ಹೊತ್ತು ನಿಂತದ್ದೂ ಅದೇ. ದ್ವಾರದ ನೆತ್ತಿಯ ಮೇಲೆಯೇ ಒಲೆಯನ್ನು ನಿಲ್ಲಿಸಿದ ಆ ಶಿಲ್ಪಿಯ ಧೈರ್ಯ ಮೆಚ್ಚತಕ್ಕದ್ದು. ಮನೆಯ ಮುಖ್ಯ ಬದುಕು ನಡೆಯುತ್ತಿದ್ದುದು ಮೇಲಿನ ಹಜಾರದಲ್ಲಿ. ಅದಕ್ಕೆ ಬೆಳಕು ತರುತ್ತಿದ್ದ ಜೋಡಿಗಂಡಿಯ ಕಿಟಕಿಗಳ ಗುರುತುಗಳು ಬೀದಿಯಿಂದಲೇ ಕಾಣುತ್ತವೆ. ನೆಲ ಅಂತಸ್ತು ಮಾತ್ರ ಅಂಗಡಿಗಳ ಸಲುವಾಗಿ ಬಹಳ ಮಾರ್ಪಟ್ಟಿದೆ.

ಮಧ್ಯಯುಗದ ಯಹೂದಿಗಳು ದಾಳಿಯ ಭಯದಿಂದ ಕಲ್ಲಿನ ಮನೆಗಳನ್ನು ಕಟ್ಟಿಕೊಂಡರೆಂಬ ವಿವರಣೆ ಜನಪ್ರಿಯವಾಗಿದೆ. ಯಾರ್ಕ್ ನಗರದಲ್ಲಿ 1190ರಲ್ಲಿ ನಡೆದ ಹತ್ಯಾಕಾಂಡವನ್ನು ನೆನೆದರೆ ಅದು ಸಹಜವೆನಿಸುತ್ತದೆ. ಆದರೆ ಈ ಮನೆ ಅದಕ್ಕಿಂತ ಹಿಂದಿನದು. ಇಂತಹ ಮನೆಗಳನ್ನು ಸಿರಿವಂತ ಕ್ರೈಸ್ತ ವರ್ತಕರೂ ಕಟ್ಟಿಸಿದರು. ಮರದ ಮನೆಗಳ ಊರಿನಲ್ಲಿ ಕಲ್ಲು ಬೆಂಕಿಯಿಂದ ರಕ್ಷಣೆಯೂ ಹೌದು, ಪ್ರತಿಷ್ಠೆಯೂ ಹೌದು. ಕಮಾನಿನಲ್ಲಾಗಲಿ ಕಿಟಕಿಯಲ್ಲಾಗಲಿ ‘ಯಹೂದಿ’ ಎನ್ನಬಹುದಾದ ಲಕ್ಷಣ ಒಂದೂ ಇಲ್ಲ. ಅದು ಆ ಕಾಲದ ನಾರ್ಮನ್ ಶೈಲಿ, ಅಷ್ಟೇ.

ಹೀಗಿರುವಾಗ ಯಹೂದಿಗಳ ಕಥೆಯನ್ನು ಉಳಿಸಿಕೊಂಡಿರುವುದು ಈ ಮನೆಯ ಕಲ್ಲಲ್ಲ, ಹೆಸರು. ಬೆಲಾಸೆಟ್ ಎಂಬ ಯಹೂದಿ ಮಹಿಳೆ ಇಲ್ಲಿದ್ದಳೆಂದೂ, ನಾಣ್ಯದ ಅಂಚು ಕತ್ತರಿಸಿದ ಆರೋಪದ ಮೇಲೆ ಅವಳನ್ನು ಗಲ್ಲಿಗೇರಿಸಲಾಯಿತೆಂದೂ ಪರಂಪರೆ ಹೇಳುತ್ತದೆ. 1290ರಲ್ಲಿ ಒಂದನೆಯ ಎಡ್ವರ್ಡ್ ಇಡೀ ಸಮುದಾಯವನ್ನೇ ದೇಶದಿಂದ ಹೊರಹಾಕಿದನು. ಅದಕ್ಕೂ ಮುಂಚೆ, 1255ರಲ್ಲಿ, ಹ್ಯೂ ಎಂಬ ಬಾಲಕನನ್ನು ಕೊಂದರೆಂಬ ಸುಳ್ಳು ಆರೋಪಕ್ಕೆ ಲಿಂಕನ್ನಿನ ಯಹೂದಿಗಳು ಬಲಿಯಾಗಿದ್ದರು. ಆ ಬಾಲಕನ ಹೆಸರನ್ನು ಚಾಸರ್ ತನ್ನ ‘ಕ್ಯಾಂಟರ್‌ಬರಿ ಕಥೆಗಳ’ಲ್ಲಿ ಸ್ಮರಿಸಿದ್ದರಿಂದ ಸುಳ್ಳಿಗೆ ಕಾವ್ಯದ ಆಯುಸ್ಸು ಒದಗಿತು, ಗಡೀಪಾರಿನ ಒಂದು ಶತಮಾನದ ನಂತರ, ಯಹೂದಿಗಳಿಲ್ಲದ ದೇಶದಲ್ಲಿ ಬರೆದ ಸಾಲುಗಳವು. ಬೀದಿಯ ಮೇಲ್ತುದಿಯಲ್ಲಿರುವ ಕ್ಯಾಥೆಡ್ರಲ್ಲಿನಲ್ಲಿ, ಹ್ಯೂವಿನ ಸಮಾಧಿಯ ಬಳಿ, ಆ ಕಥೆ ಸುಳ್ಳೆಂದು ಒಪ್ಪಿಕೊಳ್ಳುವ ಫಲಕವನ್ನು ಇರಿಸಿದ್ದು 1955ರಲ್ಲಿ.