ದಕ್ಷಿಣ ಕೊಡಗಿನಲ್ಲಿ ಕೈಗಾರಿಕೀಕರಣ: ಕಾಫಿ ತೋಟದ ಹುಟ್ಟು, ಹರಡುವಿಕೆ ಮತ್ತು ಸಾಮಾಜಿಕ ಪರಿಣಾಮ

ಕೊಡಗಿಗೆ ಕೈಗಾರಿಕೆ ಬಂದದ್ದು ಕಾಫಿ ತೋಟದ ರೂಪದಲ್ಲಿ. ಈ ಜಿಲ್ಲೆಗೆ ಇಂದಿಗೂ ರೈಲು ಬಂದಿಲ್ಲ. ಕೋಲಾರದ ಚಿನ್ನದ ಗಣಿ, ಭದ್ರಾವತಿಯ ಉಕ್ಕಿನ ಕಾರ್ಖಾನೆ, ದಾವಣಗೆರೆಯ ಹತ್ತಿ ಗಿರಣಿಗಳಂಥದ್ದು ಯಾವುದೂ ಇಲ್ಲಿ ತಲೆಯೆತ್ತಲಿಲ್ಲ. ಆದರೂ ದೂರದ ಮಾರುಕಟ್ಟೆಗಾಗಿ ಒಂದೇ ಸರಕಿನ ಉತ್ಪಾದನೆ, ಹೊರಗಿನ ಬಂಡವಾಳ, ಕೂಲಿಯಾಳುಗಳ ದಂಡು, ಹಾಜರಿ ಪುಸ್ತಕ, ಯಂತ್ರದ ಸಂಸ್ಕರಣೆ ಇವೆಲ್ಲ 19ನೇ ಶತಮಾನದ ಉತ್ತರಾರ್ಧದಲ್ಲೇ ಇಲ್ಲಿ ಬೇರುಬಿಟ್ಟವು. ಪೊನ್ನಂಪೇಟೆ, ಗೋಣಿಕೊಪ್ಪ, ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರದ ಸುತ್ತಿನ ದಕ್ಷಿಣ ಕೊಡಗು ಈ ಬದಲಾವಣೆಯನ್ನು ಗಾಢವಾಗಿ ಕಂಡ ಪ್ರದೇಶ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡಾಗ ಇಲ್ಲಿನ ಬದುಕಿನ ಕೇಂದ್ರ ಭತ್ತದ ಗದ್ದೆಯಾಗಿತ್ತು. ಗದ್ದೆಗೆ ಹೊಂದಿಕೊಂಡ ಕಾಡು, ಅಂದರೆ ಬಾಣೆ, ಸೊಪ್ಪು, ಸೌದೆ, ಮೇವು ಒದಗಿಸುತ್ತಿತ್ತು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಒಬ್ಬೊಬ್ಬರ ಸ್ವತ್ತಲ್ಲ, ಇಡೀ ಒಕ್ಕದ್ದು, ಅಂದರೆ ಕುಲದ್ದು. ಐನ್‌ಮನೆ ಒಕ್ಕದ ನೆಲೆಯಾದ ಮೂಲಮನೆ. ಉಳುಮೆಯ ಭಾರ ಹೊತ್ತವರು ಬಹುಪಾಲು ಎರವರೆಂಬ ಆದಿವಾಸಿಗಳು. ಒಡೆಯನ ಮನೆಗೆ ತಲೆತಲಾಂತರದಿಂದ ಕಟ್ಟುಬಿದ್ದಿದ್ದ ಅವರಿಗೆ ಕೂಲಿ ಸಂದಾಯವಾಗುತ್ತಿದ್ದದ್ದು ಬಹುಮಟ್ಟಿಗೆ ಭತ್ತದಲ್ಲಿ. ಕಾಫಿ ಗಿಡ ಆಗಲೇ ಕೆಲವು ಹಿತ್ತಿಲುಗಳಲ್ಲಿತ್ತು, ಆದರೆ ಅದು ನಾಡಿನ ಆರ್ಥಿಕತೆಯ ಆಧಾರವಾಗಿರಲಿಲ್ಲ.

1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯ ಬಳಿ ಮೊದಲ ದೊಡ್ಡ ತೋಟ ತೆರೆದ. ಎರಡು ವರ್ಷದೊಳಗೆ ಸಂಪಾಜೆ ಘಾಟಿಯಲ್ಲೂ ದಕ್ಷಿಣದ ಪೆರುಂಬಾಡಿಯಲ್ಲೂ ಕಾಡು ಕಡಿಯುವ ಕೆಲಸ ಆರಂಭವಾಯಿತು. ಕಾರಣ ದೂರದಲ್ಲಿತ್ತು. ಯುರೋಪಿನ ಗಿರಣಿ ಪಟ್ಟಣಗಳಲ್ಲಿ ಕಾಫಿ, ಚಹಾ, ಸಕ್ಕರೆ ಸಾಮಾನ್ಯರ ದಿನಬಳಕೆಗೆ ಇಳಿದಿದ್ದವು. ಸಿಲೋನಿನ ಕಾಫಿ ಯಶಸ್ಸು ಕಣ್ಣೆದುರಿಗಿತ್ತು. ಕೊಡಗಿನಲ್ಲಿ ಕಾಡು ಅಗ್ಗವಾಗಿತ್ತು. ಕರಾವಳಿಯ ಬಂದರುಗಳಿಗೆ ಘಾಟಿ ರಸ್ತೆಗಳಿದ್ದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಲಂಡನ್ನಿನ ದಾರಿ ಇನ್ನಷ್ಟು ಹತ್ತಿರವಾಯಿತು.

ಮೊದಲ ತಲೆಮಾರಿನ ತೋಟಗಾರರು ಸಿಲೋನಿನ ಪಾಠವನ್ನು ಕಣ್ಣುಮುಚ್ಚಿ ಒಪ್ಪಿಸಿದರು. ಕಡಿದಾದ ಇಳಿಜಾರಿನ ಮರಗಳನ್ನೆಲ್ಲ ಉರುಳಿಸಿ, ಸುಟ್ಟು, ಬಯಲಿನಲ್ಲಿ ಗಿಡ ನೆಟ್ಟರು. ಘಾಟಿಯ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಯಿತು. 1860ರ ದಶಕದ ಮಧ್ಯದ ಒಣ ವರ್ಷಗಳಲ್ಲಿ ಬಿಳಿ ಕಾಂಡಕೊರಕ ಹಬ್ಬಿ ತೋಟಕ್ಕೆ ತೋಟವೇ ಒಣಗಿತು. ಇದರ ತನಿಖೆಗೆ ಮದ್ರಾಸ್ ಸರ್ಕಾರ ಕಳಿಸಿದ ವೈದ್ಯ ಜಾರ್ಜ್ ಬಿಡೀ 1869ರಲ್ಲಿ ಪ್ರಕಟವಾದ ವರದಿಯಲ್ಲಿ, ನೆರಳು ತೆಗೆದದ್ದನ್ನೂ ಬರವನ್ನೂ ಒಟ್ಟಿಗೆ ದೂಷಿಸಿದ. ಅದರ ಬೆನ್ನಿಗೇ ಎಲೆತುಕ್ಕು ರೋಗ ಬಂತು. ಸಿಲೋನಿನ ಕಾಫಿಯನ್ನು ಮುಗಿಸಿದ್ದು ಇದೇ ರೋಗ. ಕೊಡಗು ಉಳಿದದ್ದು ಜಾಗ ಮತ್ತು ರೀತಿ ಎರಡನ್ನೂ ಬದಲಿಸಿದ್ದರಿಂದ. ತೋಟಗಳು ಘಾಟಿ ಬಿಟ್ಟು ಪೂರ್ವಕ್ಕೆ, ಪಾಲಿಬೆಟ್ಟ–ಸಿದ್ದಾಪುರದ ಕಡೆಯ ಬಿದಿರು ಸೀಮೆಗೆ ಸರಿದವು. ಪ್ಲಾಂಟರುಗಳ ಬಾಯಲ್ಲಿ ಅದು ‘ಬ್ಯಾಂಬೂ’ ಆಯಿತು. ಅಲ್ಲಿ ಕಾಡುಮರಗಳ ನೆರಳಿನಡಿ ಕಾಫಿ ಬೆಳೆಯಿತು. 20ನೇ ಶತಮಾನದಲ್ಲಿ ತುಕ್ಕನ್ನು ತಾಳಬಲ್ಲ ರೊಬಸ್ಟಾ ಬಂದು ಪೊನ್ನಂಪೇಟೆ–ಗೋಣಿಕೊಪ್ಪ ಭಾಗದ ಮುಖ್ಯ ಬೆಳೆಯಾಯಿತು. ಇಂದು ಕೊಡಗಿನ ಕಾಫಿಯ ಹೆಗ್ಗಳಿಕೆಯೆಂದು ಹೇಳಿಕೊಳ್ಳುವ ನೆರಳು, ಹೀಗೆ ನಷ್ಟ ಕಲಿಸಿದ ಪಾಠವೇ ಹೊರತು ಪರಿಸರಪ್ರೇಮದ ಫಲವಲ್ಲ.

ತೋಟದ ಕೆಲಸಕ್ಕೆ ಕಾರ್ಖಾನೆಯ ಕ್ರಮ ಇರುವುದು ಕೊಯ್ಲಿನ ದಿನಗಳಲ್ಲಿ ಎದ್ದು ಕಾಣುತ್ತದೆ. ಬೆಳಿಗ್ಗೆ ಹಾಜರಿ ಕೂಗಿ ಸಾಲು ಹಂಚುತ್ತಾರೆ; ಸಂಜೆ ಕಣದ ಬಳಿ ಒಬ್ಬೊಬ್ಬರ ಚೀಲವೂ ತಕ್ಕಡಿಗೇರುತ್ತದೆ; ರೈಟರ್ ಕಿಲೋ ಬರೆದುಕೊಳ್ಳುತ್ತಾನೆ. ಅರೇಬಿಕಾ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ಹೋಗುವಂತೆ ತೊಟ್ಟಿಯಲ್ಲಿಟ್ಟು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ರೊಬಸ್ಟಾವನ್ನು ಹೆಚ್ಚಾಗಿ ಹಣ್ಣಾಗಿಯೇ ಕಣದಲ್ಲಿ ಒಣಗಿಸಿ ‘ಚೆರಿ’ ಮಾಡುತ್ತಾರೆ. 50 ಕಿಲೋ ಚೆರಿ ಚೀಲದಿಂದ ಎಷ್ಟು ಕಿಲೋ ಬೇಳೆ ಹೊರಡುತ್ತದೆ ಎಂಬ ‘ಔಟ್‌ಟರ್ನ್’ ಮೇಲೆ ವ್ಯಾಪಾರಿ ದರ ಕಟ್ಟುತ್ತಾನೆ. ಹೊಟ್ಟು ತೆಗೆದು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಕ್ಯೂರಿಂಗ್ ಮಾತ್ರ ಬಹುಕಾಲ ಜಿಲ್ಲೆಯ ಹೊರಗೆ, ಮಂಗಳೂರು, ತಲಶ್ಶೇರಿ, ಹುಣಸೂರುಗಳಲ್ಲಿ ನಡೆಯಿತು. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕ್ಯೂರಿಂಗ್ ಘಟಕಗಳು ನೆಲೆಗೊಂಡದ್ದು ತೀರ ಈಚೆಗೆ.

ಇಷ್ಟು ಕೆಲಸಕ್ಕೆ ಸ್ಥಳೀಯ ಆಳು ಸಾಲಲಿಲ್ಲ. ಮೈಸೂರು ಬಯಲು, ಕರಾವಳಿ, ಮಲಬಾರುಗಳಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಜನ ತಂದರು. ಮುಂಗಡ ಪಡೆದು ಕೆಲಸ ಬಿಟ್ಟರೆ ಶಿಕ್ಷೆ ವಿಧಿಸುವ 1859ರ ಕಾಯ್ದೆ ತೋಟಗಾರರ ಕೈಯಲ್ಲಿ ಬಲವಾದ ಅಸ್ತ್ರವಾಗಿತ್ತು. ಆ ಕಾಯ್ದೆ ದೇಶದಲ್ಲಿ ರದ್ದಾದ ಕಾಲಕ್ಕೆ ಕೊಡಗು ತನ್ನದೇ ಕಾರ್ಮಿಕ ಕಾಯ್ದೆಯನ್ನು 1926ರಲ್ಲಿ ತಂದು ಆ ಹಿಡಿತವನ್ನು ಇನ್ನಷ್ಟು ಕಾಲ ಉಳಿಸಿಕೊಂಡಿತು. ಆಳುಗಳ ವಾಸಕ್ಕೆ ಲೈನ್‌ಮನೆಗಳು ಎದ್ದವು. ಕೆಲಸ ಬಿಟ್ಟರೆ ಸೂರೂ ಹೋಗುವ ಈ ಏರ್ಪಾಡು, ಬೀಗ ಹಾಕದೆಯೇ ಆಳನ್ನು ತೋಟದಲ್ಲಿ ಹಿಡಿದಿಟ್ಟಿತು.

ಕೊಡಗಿನ ಕೈಗಾರಿಕೀಕರಣದ ವಿಶೇಷ ಇರುವುದು ಅದು ಸ್ಥಳೀಯರ ಕೈಗೆ ಇಳಿದ ಬಗೆಯಲ್ಲಿ. ಬಾಣೆಯಿದ್ದ ಒಕ್ಕಗಳು ಅದರಲ್ಲೇ ಕಾಫಿ ನೆಟ್ಟವು. 1942ರ ಕಾಯ್ದೆಯಿಂದ ಬಲಗೊಂಡ ಕಾಫಿ ಮಂಡಳಿ ಎಲ್ಲರ ಬೆಳೆಯನ್ನೂ ಒಂದೇ ‘ಪೂಲ್‌’ಗೆ ಪಡೆದು ಮಾರಿ, ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು. ಕಂತು ತಡವಾಗುವ ದೂರು ಎಂದೂ ತಪ್ಪಲಿಲ್ಲ. ಆದರೆ ಐದು ಎಕರೆಯವನಿಗೂ ಖಚಿತ ಮಾರುಕಟ್ಟೆ ಸಿಕ್ಕಿತು. ಇನ್ನೊಂದೆಡೆ ದೊಡ್ಡ ಬಂಡವಾಳ ಒಗ್ಗೂಡಿತು: ಯುರೋಪಿಯನ್ ತೋಟಗಳು ಸೇರಿ 1943ರಲ್ಲಿ ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್ ಆಯಿತು, ಮುಂದೆ ಅದೇ ಟಾಟಾ ಸಮೂಹದ ಪಾಲಾಯಿತು. 1996ರ ಹೊತ್ತಿಗೆ ಪೂಲ್ ಪೂರ್ತಿ ಮುಗಿದು ಮುಕ್ತ ಮಾರಾಟ ಬಂತು. 1994ರಲ್ಲಿ ಬ್ರೆಜಿಲ್‌ನ ಬೆಳೆಯನ್ನು ಸುಟ್ಟ ಕೊರೆಚಳಿಯಿಂದ ದರ ಏರಿದ್ದ ಕಾಲವದು. ಹಣ ಕೈಗೆ ಬಂತು, ಹೊಸ ಮನೆಗಳು, ಜೀಪುಗಳು ಬಂದವು. ಶತಮಾನ ತಿರುಗುವಷ್ಟರಲ್ಲಿ ದರ ಕುಸಿದು ಸಾಲ ಉಳಿಯಿತು. ಪೊನ್ನಂಪೇಟೆಯ ಬೆಳೆಗಾರನ ವರ್ಷದ ಲೆಕ್ಕವನ್ನು ಬ್ರೆಜಿಲ್ ಮತ್ತು ವಿಯೆಟ್ನಾಂನ ಹವೆ ನಿರ್ಧರಿಸುವುದು ಈಗ ಮಾಮೂಲು.

ಪರಿಣಾಮ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕಾಫಿಯ ಹಣ ಭೂಮಿಯಿದ್ದವರ ಮಕ್ಕಳನ್ನು ಶಾಲೆ, ಕಾಲೇಜು, ಸೇನೆ, ನಗರದ ನೌಕರಿಗೆ ಕಳಿಸಿತು. ಒಕ್ಕದ ಆಸ್ತಿ ಮನೆಮನೆಗೆ ಹಂಚಿಹೋಯಿತು. ಗದ್ದೆಗಳು ಪಾಳುಬಿದ್ದವು ಇಲ್ಲವೇ ಅಡಿಕೆ, ಶುಂಠಿಗೆ ತಿರುಗಿದವು. ಸುಗ್ಗಿಹಬ್ಬವಾದ ಪುತ್ತರಿಯ ಕದಿರಿಗಾಗಿ ಪಕ್ಕದವರ ಗದ್ದೆ ಹುಡುಕುವ ಮನೆಗಳಿವೆ. 1977ರಿಂದ 1997ರ ನಡುವಿನ ಎರಡು ದಶಕಗಳಲ್ಲಿ ಕಾಫಿ ಪ್ರದೇಶ ಹಿಗ್ಗಿದಂತೆ ಜಿಲ್ಲೆಯ ಕಾಡಿನ ಹೊದಿಕೆ ಕಾಲು ಭಾಗಕ್ಕಿಂತ ಹೆಚ್ಚು ಕುಗ್ಗಿತು.

ಎರವರು ಗದ್ದೆಯ ಜೀತದಿಂದ ಲೈನ್‌ಮನೆಯ ಕೂಲಿಗೆ ದಾಟಿದರು. 1976ರ ಜೀತ ನಿರ್ಮೂಲನಾ ಕಾಯ್ದೆ ಸಾಲದ ಕಟ್ಟನ್ನು ಕಾನೂನಿನಲ್ಲಿ ಬಿಡಿಸಿತು, ಭೂಮಿ ಕೊಡಲಿಲ್ಲ. 2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ಎದ್ದ ಹೋರಾಟದಲ್ಲಿ ಲೈನ್‌ಮನೆ ತೊರೆದು ಬಂದವರು ಬಹಳ ಮಂದಿ. ಅವರು ಕೇಳಿದ್ದು ಸ್ವಂತ ನಿವೇಶನ. ಇತ್ತ ಕೊಯ್ಲಿಗೆ ಈಗ ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳೇ ಹೆಚ್ಚು. ತೋಟದ ಕಾರ್ಮಿಕರಿಗೆ ಮನೆ, ಔಷಧಿ, ಕುಡಿಯುವ ನೀರಿನ ಹಕ್ಕು ಕೊಟ್ಟ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ, 1981ರ ತಿದ್ದುಪಡಿಯ ನಂತರವೂ 5 ಹೆಕ್ಟೇರ್ ಮತ್ತು 15 ಕಾರ್ಮಿಕರ ಮಿತಿಗಿಂತ ಕೆಳಗಿನ ತೋಟಗಳನ್ನು ಮುಟ್ಟಲಿಲ್ಲ. ಕೊಡಗಿನ ಬಹುಪಾಲು ಹಿಡುವಳಿಗಳು ಇರುವುದು ಆ ಮಿತಿಯ ಕೆಳಗೇ.