ಹಟ್ ಜೀನುಗಳನ್ನು ಎಬ್ಬಿಸಿದ್ದು ಯಾರು?

ಬ್ಯಾಕ್ಟೀರಿಯಾಗಳು ಸಾರಜನಕದ ಲೆಕ್ಕ ಹೇಗಿಡುತ್ತವೆ ಎಂದು ಹಳೆಯ ಸಂಪುಟಗಳನ್ನು ತಿರುವುತ್ತಿದ್ದಾಗ 1974ರ ಪ್ರಬಂಧವೊಂದು ನನ್ನನ್ನು ತಡೆದು ನಿಲ್ಲಿಸಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದನ್ನು ಬರೆದವರು ಟೈಲರ್, ಡಿಲಿಯೋ ಮತ್ತು ಮಗಸಾನಿಕ್. ಗ್ಲುಟಮಿನ್ ಸಿಂಥೆಟೇಸ್ ಅಮೋನಿಯಾವನ್ನು ಗ್ಲುಟಮೇಟಿಗೆ ಜೋಡಿಸುವ ಕಿಣ್ವ. ಹಿಸ್ಟಿಡೀನನ್ನು ಒಡೆಯುವ ‘ಹಟ್’ ಜೀನುಗಳನ್ನು ಎಬ್ಬಿಸುವುದೂ ಅದೇ ಕಿಣ್ವ ಎಂಬುದು ಅವರ ವಾದ. ಜೀವಕೋಶದ ಹೊರಗೆ ಪ್ರಯೋಗ ಮಾಡಿ ತೋರಿಸಿಯೂ ಇದ್ದರು. ಇಂದಿನ ಪಠ್ಯಪುಸ್ತಕಗಳಲ್ಲಿ ಈ ಮಾತೇ ಇಲ್ಲ.

ವಾದಕ್ಕೆ ಆಧಾರ ಗಟ್ಟಿಯಾಗಿಯೇ ಇತ್ತು. ಸಾರಜನಕ ಧಾರಾಳವಾಗಿದ್ದಾಗ ಈ ಕಿಣ್ವದ 12 ಉಪಘಟಕಗಳಿಗೆ ಅಡಿನೈಲಿಲ್ ಗುಂಪು ಅಂಟಿ ಅದರ ಕೆಲಸ ತಗ್ಗುತ್ತದೆ, ಕೊರತೆಯಾದಾಗ ಗುಂಪು ಕಳಚುತ್ತದೆ ಎಂದು ಸ್ಟಾಟ್‌ಮನ್ ಅವರ ಪ್ರಯೋಗಾಲಯ 1960ರ ದಶಕದಲ್ಲೇ ಕಂಡಿತ್ತು. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿ ಹಟ್ ಏಳುತ್ತಿದ್ದದ್ದೂ ಆ ಕೊರತೆಯ ಹೊತ್ತಿನಲ್ಲೇ. ಅಂದು ಯಾರಾದರೂ ಅದೇ ತೀರ್ಮಾನಕ್ಕೆ ಬರುತ್ತಿದ್ದರು ಎಂದು ನನ್ನ ನಂಬಿಕೆ.

1979ರ ಸಂಪುಟದಲ್ಲಿ ಉತ್ತರದ ಮೊದಲ ಎಳೆ ಸಿಕ್ಕಿತು. ಅದೇ ಪತ್ರಿಕೆ, ಲೇಖಕರು ಪಾಹೆಲ್ ಮತ್ತು ಅದೇ ಟೈಲರ್! ಕಿಣ್ವದ ಜೀನಿನ ಪಕ್ಕದಲ್ಲಿ ನಿಯಂತ್ರಣದ ಜೀನೊಂದು ಬೇರೆಯೇ ಇದೆ ಎಂದು ಇ. ಕೋಲೈಯಲ್ಲಿ ತೋರಿಸಿದ್ದರು. ತಾವು ಪ್ರತಿಪಾದಿಸಿದ್ದನ್ನು ತಾವೇ ಮರುಪರೀಕ್ಷೆಗೊಡ್ಡಿದ ಈ ಪುಟಗಳ ಬಗ್ಗೆ ನನಗೆ ಅಪಾರ ಗೌರವ. 1981ರಲ್ಲಿ ಸಿಡ್ನಿ ಕುಸ್ಟು ಅವರ ತಂಡ ಆ ಜಾಗದಲ್ಲಿರುವುದು ಒಂದಲ್ಲ, ಎನ್‌ಟಿಆರ್-ಬಿ, ಎನ್‌ಟಿಆರ್-ಸಿ ಎಂಬ ಎರಡು ಜೀನು ಎಂದಿತು. ಮೂರೂ ಒಂದೇ ಸಾಲಿನಲ್ಲಿವೆ, ಕಿಣ್ವದ ಜೀನು ಮೊದಲನೆಯದು. ಅದರಲ್ಲಿ ಆದ ಊನ ಅದರ ನಂತರದ ಎರಡನ್ನೂ ಬಾಧಿಸಬಹುದು; ಆಗ ಎಲ್ಲಕ್ಕೂ ಕಿಣ್ವವೇ ಕಾರಣ ಎನಿಸುತ್ತದೆ. 1986ರಲ್ಲಿ ನಿನ್ಫಾ ಮತ್ತು ಮಗಸಾನಿಕ್ ಎನ್‌ಟಿಆರ್-ಬಿ ಪ್ರೋಟೀನು ಎನ್‌ಟಿಆರ್-ಸಿ ಪ್ರೋಟೀನಿಗೆ ಫಾಸ್ಫೇಟ್ ದಾಟಿಸುವುದನ್ನು ತೋರಿಸಿದರು.

ಹಾಗಿದ್ದೂ ಕಿಣ್ವ ಮತ್ತು ಜೀನುಗಳು ಜೊತೆಜೊತೆಗೇ ಎಚ್ಚರಗೊಳ್ಳುತ್ತಿದ್ದದ್ದೇಕೆ? ಕಾರಣ ಪಿ-ಟು ಎಂಬ ಪುಟ್ಟ ಪ್ರೋಟೀನು. ಗ್ಲುಟಮಿನ್ ಇಳಿದಾಗ ಅದಕ್ಕೆ ಯೂರಿಡೈಲಿಲ್ ಗುಂಪು ಅಂಟುತ್ತದೆ. ಆಗ ಒಂದು ಕಡೆ ಸಿಂಥೆಟೇಸಿನ ಅಡಿನೈಲಿಲ್ ಕಳಚುವ ಕೆಲಸ ಶುರುವಾಗುತ್ತದೆ, ಇನ್ನೊಂದು ಕಡೆ ಎನ್‌ಟಿಆರ್-ಸಿ ಪ್ರೋಟೀನಿನ ಫಾಸ್ಫೇಟ್ ಉಳಿಯುತ್ತದೆ. ಒಂದೇ ಆಜ್ಞೆ, ಎರಡು ಕಡೆ ಜಾರಿ.

ಇನ್ನು ಕ್ಲೆಬ್ಸಿಯೆಲ್ಲಾದ ಹಟ್. ಅದನ್ನು ಎನ್‌ಟಿಆರ್-ಸಿ ಕೂಡ ನೇರವಾಗಿ ಎಬ್ಬಿಸುವುದಿಲ್ಲ. ಅದು ಎಬ್ಬಿಸುವುದು ನ್ಯಾಕ್ ಎಂಬ ಜೀನನ್ನು; ಹಟ್ ಡಿಎನ್‌ಎಗೆ ಹೋಗಿ ಕೂರುವುದು ನ್ಯಾಕ್ ಪ್ರೋಟೀನು.