ಚೀನಾದ ಸೂಜಿ ಭಾರತಕ್ಕೆ ಬಂದ ಬಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಿರಿಯರಿಗೆ ಚುಟಿಗೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಕಾಮಾಲೆಯಾಗಲಿ, ಕೂಸಿನ ಹೊಟ್ಟೆನೋವಾಗಲಿ, ಕಾದ ಲೋಹವನ್ನು ಮೈಗೆ ಮುಟ್ಟಿಸಿ ರೋಗ ಬಿಡಿಸುವ ಹಳೆಯ ರೂಢಿ ಅದು. ಸುಟ್ಟ ಗಾಯ ಕೀವಾಗುವುದಲ್ಲದೆ, ಆಸ್ಪತ್ರೆಗೆ ಒಯ್ಯುವುದೂ ತಡವಾಗುತ್ತದೆಂದು ವೈದ್ಯರು ಇದನ್ನು ಬೇಡವೆನ್ನುತ್ತಾರೆ. ಆ ಮಾತು ಸರಿಯೇ. ಆದರೆ ಮೈಮೇಲಿನ ಒಂದು ಬಿಂದುವಿಗೆ ಬಿಸಿ ತಾಗಿಸಿದರೆ ಒಳಗಿನ ರೋಗ ಶಮನವಾಗುತ್ತದೆಂಬ ನಂಬಿಕೆ ನಮ್ಮೊಬ್ಬರದೇ ಅಲ್ಲ. ನಾವು ಅಕ್ಯುಪಂಕ್ಚರ್ ಎನ್ನುವ ಚಿಕಿತ್ಸೆಗೆ ಚೀನಿಯರ ಹೆಸರು 'ಝೆನ್ ಜಿಯು'. ಮೊದಲ ಪದಕ್ಕೆ ಸೂಜಿ ಎಂದೂ ಎರಡನೆಯದಕ್ಕೆ ಸುಡುವುದು ಎಂದೂ ಅರ್ಥ. ಗಣೇಶನ ಪೂಜೆಗೆ ಬಳಸುವ ಮಾಚಿಪತ್ರೆಯ ಜಾತಿಗೆ ಸೇರಿದ ಗಿಡದ ಎಲೆಯನ್ನು ಒಣಗಿಸಿ, ಅದರ ಕಿಡಿಯ ಶಾಖವನ್ನು ಅವರು ಆ ಬಿಂದುಗಳಿಗೆ ಕೊಡುತ್ತಾರೆ.

ಎರಡರಲ್ಲಿ ಸುಡುವುದೇ ಹಳೆಯದಿರಬೇಕು. 1973ರಲ್ಲಿ ಮಾವಾಂಗ್‌ದುಯಿ ಎಂಬಲ್ಲಿ ಅಗೆದು ತೆಗೆದ, ಕ್ರಿಸ್ತಪೂರ್ವ 168ರ ಗೋರಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ ದೇಹದ ನಾಳಗಳ ವಿವರವಿದೆ, ಶಾಖದ ಚಿಕಿತ್ಸೆಯಿದೆ, ಸೂಜಿಯ ಸುದ್ದಿಯಿಲ್ಲ. ಸೂಜಿಯನ್ನು ಶಾಸ್ತ್ರವಾಗಿಸಿದ್ದು ಆಮೇಲೆ ರೂಪುಗೊಂಡ 'ಹುವಾಂಗ್‌ದಿ ನೇಜಿಂಗ್' ಎಂಬ ಗ್ರಂಥ. ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ಸೂಜಿಗೂ ಔಷಧಕ್ಕೂ ಮುಂಚೆ ಊಟವನ್ನಿಟ್ಟ. ರೋಗ ಯಾವುದೆಂದು ತಿಳಿದ ಮೇಲೆ ಆಹಾರದಿಂದಲೇ ಗುಣಪಡಿಸಲು ನೋಡಬೇಕು, ಅದು ಸಾಲದಿದ್ದರೆ ಮಾತ್ರ ಔಷಧ ಎಂಬುದು ಅವನ ಮತ. ಬಾಣಂತಿಗೆ ಅಂಟಿನುಂಡಿ ಕಟ್ಟಿಡುವ ನಮ್ಮ ಮನೆಗಳಿಗೆ ಇದು ಹೊಸ ಮಾತೇನಲ್ಲ. ಚೀನಾದಲ್ಲಿಯೂ ಬಾಣಂತಿಯನ್ನು ಒಂದು ತಿಂಗಳು ಮನೆಯೊಳಗಿಟ್ಟು, ಶುಂಠಿ ಬೆರೆಸಿದ ಬಿಸಿ ಪದಾರ್ಥ ಉಣಿಸುವ ಪದ್ಧತಿ ಇದೆ.

ಇಷ್ಟೆಲ್ಲ ಪುರಾತನವಾದ ವಿದ್ಯೆ ಅಖಂಡವಾಗಿ ಗೌರವದಿಂದ ಹರಿದು ಬಂತೆಂದು ಭಾವಿಸಿದರೆ ತಪ್ಪಾದೀತು. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಸೂಜಿ ವಿಭಾಗವನ್ನು ಕಿತ್ತುಹಾಕಿಸಿದ. ರಾಜನ ಮೈಗೆ ಚುಚ್ಚುವುದು, ಸುಡುವುದು ತರವಲ್ಲವೆಂಬುದು ಕಾರಣ. 1929ರಲ್ಲಿ ಅಲ್ಲಿನ ಗಣರಾಜ್ಯ ಸರ್ಕಾರದ ಆರೋಗ್ಯ ಸಮಿತಿ ದೇಶೀ ವೈದ್ಯವನ್ನೇ ತೊಡೆದುಹಾಕುವ ಗೊತ್ತುವಳಿ ಮಾಡಿತು. ವೈದ್ಯರೂ ಔಷಧ ವ್ಯಾಪಾರಿಗಳೂ ಶಾಂಘೈನಲ್ಲಿ ಸೇರಿ ಪ್ರತಿಭಟಿಸಿದ ಮೇಲೆ ಅದು ನಿಂತಿತು.

ಈ ಸೂಜಿ ಭಾರತಕ್ಕೆ ಬಂದದ್ದು ಋಷಿಮುನಿಗಳ ಮೂಲಕವಲ್ಲ. ಬಂದದ್ದು ಕಾಂಗ್ರೆಸ್ ಕಳಿಸಿದ ಒಂದು ಆಂಬುಲೆನ್ಸ್ ತಂಡದ ನೆಂಟಸ್ತಿಕೆಯಿಂದ. ಜಪಾನಿನ ದಾಳಿಗೆ ಸಿಕ್ಕ ಚೀನಾದ ಸೇನಾನಿ ಝು ದ, ವೈದ್ಯರನ್ನು ಕಳಿಸುವಂತೆ ಜವಾಹರಲಾಲ್ ನೆಹರೂ ಅವರನ್ನು ಕೋರಿದ್ದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆ ಕೊಟ್ಟರು. ಸುಮಾರು 22,000 ರೂಪಾಯಿ ಕೂಡಿತು. ಐವರು ವೈದ್ಯರು ಮುಂದೆ ಬಂದರು: ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತದ ದೇವೇಶ ಮುಖರ್ಜಿ ಮತ್ತು ಬಿಜಯ್ ಕುಮಾರ್ ಬಸು, ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸ್. ಸೊಲ್ಲಾಪುರ ಇಂದು ಮಹಾರಾಷ್ಟ್ರದಲ್ಲಿದ್ದರೂ ಕನ್ನಡ ಮಾತಾಡುವ ಮಂದಿ ಬಹಳವಿರುವ ಊರು. ಅಂದು ಬೆಳಗಾವಿ ಜಿಲ್ಲೆಯೂ ಅದೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ರಾಮದುರ್ಗ ಮಾತ್ರ ಬೇರೆ ಸಂಸ್ಥಾನ.

ಕೋಟ್ನೀಸರ ಕಥೆ ಗೊತ್ತಿರುವುದೇ. 1941ರಲ್ಲಿ ಅವರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು, ಗುವೊ ಚಿಂಗ್ಲಾನ್ ಎಂಬ ದಾದಿಯನ್ನು ಮದುವೆಯಾದರು, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿನಲ್ಲಿ ಅಪಸ್ಮಾರದಿಂದ ತೀರಿಕೊಂಡರು. ಶಾಂತಾರಾಮರ 1946ರ ಚಿತ್ರ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಆ ಚಿತ್ರದ ಬೆಳಕಿನಲ್ಲಿ ಮರೆಯಾದವರು ಅವರ ಗೆಳೆಯ ಬಸು. ಉಳಿದ ಮೂವರು ಮುಂಚೆಯೇ ಮರಳಿದ್ದರು. ಕೊನೆಯವರೆಗೆ ಉಳಿದ ಇಬ್ಬರಲ್ಲಿ ಒಬ್ಬರು ಅಲ್ಲೇ ಮಣ್ಣಾದರು. ಬಸು 1943ರಲ್ಲಿ ಒಬ್ಬರೇ ಊರಿಗೆ ಬಂದರು.

ಅವರು ಬಿಟ್ಟುಬಂದ ಯೆನಾನ್ ಎಂಬ ಗುಹೆಗಳ ಊರಿನಲ್ಲಿ ಔಷಧದ ಅಭಾವ ತೀವ್ರವಾಗಿತ್ತು. 1944ರಲ್ಲಿ, ಅಂದರೆ ಬಸು ಹೊರಟ ಮೇಲೆ, ಪಾಶ್ಚಾತ್ಯ ವೈದ್ಯ ಕಲಿತಿದ್ದ ಝು ಲಿಯಾನ್ ಎಂಬ ಮಹಿಳೆ ಅಲ್ಲಿನ ಹಳೆಯ ವೈದ್ಯರೊಬ್ಬರಿಂದ ಸೂಜಿ ಹಿಡಿಯಲು ಕಲಿತರು. ನರಗಳ ವಿಜ್ಞಾನಕ್ಕೆ ಅದನ್ನು ಹೊಂದಿಸಿ 1951ರಲ್ಲಿ ಪುಸ್ತಕವನ್ನೂ ಬರೆದರು. 1956ರಲ್ಲಿ ಬೀಜಿಂಗ್, ಶಾಂಘೈ ಮೊದಲಾದ ನಾಲ್ಕು ನಗರಗಳಲ್ಲಿ ಸರ್ಕಾರವೇ ದೇಶೀ ವೈದ್ಯ ಕಾಲೇಜುಗಳನ್ನು ತೆರೆಯಿತು. ಆ ದಶಕದ ಕೊನೆಯಲ್ಲಿ ಬಸು ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತದ್ದು ಈ ಹೊಸ ವಾತಾವರಣದಲ್ಲಿ. ಅವರು ಹೊತ್ತು ತಂದದ್ದು ಎರಡು ಸಾವಿರ ವರ್ಷದ ವಿದ್ಯೆ ಎನ್ನುವುದೂ ನಿಜ, ಆಗಷ್ಟೇ ತಿದ್ದಿ ಪಠ್ಯಕ್ಕಿಳಿಸಿದ ವಿದ್ಯೆ ಎನ್ನುವುದೂ ನಿಜ.

1959ರಲ್ಲಿ ಕಲ್ಕತ್ತದಲ್ಲಿ ಅವರು ಸೂಜಿ ಚಿಕಿತ್ಸೆ ಆರಂಭಿಸಿದರು. ಮೂರೇ ವರ್ಷಕ್ಕೆ ಗಡಿಯಲ್ಲಿ ಯುದ್ಧವಾಯಿತು. ಚೀನಾ ಎಂಬ ಶಬ್ದವೇ ಕಹಿಯಾಗಿದ್ದ ಆ ದಿನಗಳಲ್ಲಿ ಚೀನೀ ವೈದ್ಯವನ್ನು ಬಿಡದೆ ಹಿಡಿಯುವುದು ಸಣ್ಣ ಹಟವಲ್ಲ. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರದ ಬಾಧೆಗೆ ಸೂಜಿ ಹಾಕಿಸಿಕೊಂಡು ಬರೆದ ಲೇಖನದಿಂದ ಜಗತ್ತಿನ ಕುತೂಹಲ ಕೆರಳಿತು. ಆ ವೇಳೆಗೆ ಕಲ್ಕತ್ತದ ರೋಗಿಗಳು ಹತ್ತು ವರ್ಷ ಮುಂದಿದ್ದರು! 1975ರಲ್ಲಿ ಲೂಧಿಯಾನದಲ್ಲಿ ಕೋಟ್ನೀಸರ ಹೆಸರಿನ ಅಕ್ಯುಪಂಕ್ಚರ್ ಆಸ್ಪತ್ರೆಯೊಂದು ಹುಟ್ಟಿತು. ಶಸ್ತ್ರವೈದ್ಯರಾಗಿ ದುಡಿದು ಸತ್ತ ಕೋಟ್ನೀಸ್ ಇಂದು ಅನೇಕರಿಗೆ ಸೂಜಿಯ ಮೂಲಪುರುಷರಂತೆ ಕಾಣುವುದಕ್ಕೆ ಇಂಥ ನಾಮಕರಣಗಳೂ ಕಾರಣ.

ಗುಣ ಎಷ್ಟು? 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಬಹುಕಾಲದ ಸೊಂಟನೋವಿನ 1,162 ರೋಗಿಗಳಿದ್ದರು. ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇ 48ರಷ್ಟು ಮಂದಿಗೆ, ಬಿಂದು ತಪ್ಪಿಸಿ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44ರಷ್ಟು ಮಂದಿಗೆ, ಮಾತ್ರೆ, ವ್ಯಾಯಾಮಗಳ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 27ರಷ್ಟು ಮಂದಿಗೆ ಉಪಶಮನ ಕಂಡಿತು. ಸೂಜಿಯಿಂದ ನೋವು ಇಳಿಯುತ್ತದೆ, ಆದರೆ ಬಿಂದುಗಳ ಶಾಸ್ತ್ರ ಸಾಬೀತಾಗಲಿಲ್ಲ ಎನ್ನಬಹುದು. ರೋಗ ಯಾವುದೆಂದು ಮೊದಲು ಗುರುತಿಸಬಲ್ಲವರ ಕೈಯಲ್ಲಿ ಸೂಜಿ ಇರಬೇಕಾದ್ದು ಇದಕ್ಕಾಗಿಯೇ. ಗಡ್ಡೆಯಿಂದ ಬಂದ ಬೆನ್ನುನೋವಿಗೆ ತಿಂಗಳುಗಟ್ಟಲೆ ಚುಚ್ಚುತ್ತ ಕೂತರೆ, ಚುಟಿಗೆ ಹಾಕಿ ಕೂಸನ್ನು ಮನೆಯಲ್ಲಿಟ್ಟುಕೊಂಡಷ್ಟೇ ಅನಾಹುತ. ಬಸು ಸೂಜಿ ಹಿಡಿದದ್ದು ವೈದ್ಯರಾಗಿ ಇಪ್ಪತ್ತು ವರ್ಷ ಕಳೆದ ಮೇಲೆ.

ಅವರು 1986ರಲ್ಲಿ ನಿಧನರಾದರು. ಅಕ್ಯುಪಂಕ್ಚರಿಗೆ ಪಶ್ಚಿಮ ಬಂಗಾಳದಲ್ಲಿ ಪ್ರತ್ಯೇಕ ಕಾಯ್ದೆಯಾದದ್ದು 1996ರಲ್ಲಿ. ಕೇಂದ್ರ ಸರ್ಕಾರ 2003ರ ಆದೇಶದಲ್ಲಿ ಅದನ್ನು ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು. ಕೋಟ್ನೀಸರ ಸೊಲ್ಲಾಪುರವಿರುವ ಮಹಾರಾಷ್ಟ್ರದ ಕಾಯ್ದೆ 2015ರದು.